ಕಾರಿನ ಋಣ

ಆಯುಧಪೂಜೆಯಲ್ಲಿ ಕಾರಿಗೆ ಕುಂಕುಮ ಹಚ್ಚುವುದನ್ನು ಕಂಡು ನಗುವವರಿದ್ದಾರೆ. ಜೀವವಿಲ್ಲದ್ದಕ್ಕೆ ಎಂಥ ಕೃತಜ್ಞತೆ? ಎದುರಿನಿಂದ ಬಂದ ಲಾರಿ ಗುದ್ದಿಯೂ ಬದುಕಿ ಬಂದಮೇಲೆ ನನಗಂತೂ ನಗು ಬರುವುದಿಲ್ಲ.

ನೋಡಲು ಬಂದವರೆಲ್ಲ 'ಕಾರು ಗಟ್ಟಿಯಿತ್ತು, ಉಳಿದಿರಿ' ಎಂದರು. ಮೂತಿಯೆಲ್ಲ ಅಪ್ಪಚ್ಚಿಯಾಗಿತ್ತಲ್ಲ! ಹೊಡೆತವನ್ನು ತಾನು ನುಂಗಿ ಒಳಗಿನವರನ್ನು ಕಾಯಲೆಂದೇ ಮುಂಭಾಗವನ್ನು ಮುದುಡುವಂತೆ ಕಟ್ಟಿರುತ್ತಾರೆ. ಮುರಿಯಬೇಕಾದ ಹೊತ್ತಿಗೆ ಮುರಿಯುವುದನ್ನೂ ನೆಚ್ಚಿಕೆ ಎನ್ನಬೇಕೇನೋ.

ನನ್ನನ್ನು ಹಿಡಿದಿಟ್ಟದ್ದು ಸೀಟ್ ಬೆಲ್ಟು. ಎದೆಗೂ ಸೊಂಟಕ್ಕೂ ಬರುವ ಈ ಪಟ್ಟಿಯನ್ನು 1959ರಲ್ಲಿ ವೋಲ್ವೋ ಕಾರಿಗೆ ತಂದವರು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಅದರ ಪೇಟೆಂಟನ್ನು ಉಳಿದ ತಯಾರಕರಿಗೂ ಬಿಟ್ಟುಕೊಟ್ಟಿತು. ಬೋಲಿನ್ 2002ರಲ್ಲಿ ನಿಧನರಾದರು. ಈ ಋಣವನ್ನು ಎಲ್ಲಿ ತೀರಿಸಲಿ?

ಗುಜರಿಗೆ ಹೊರಟ ಕಾರಿನ ಬೆಲ್ಟಿನ ಕೊಂಡಿಗೆ ಒಂದು ಬೊಟ್ಟು ಕುಂಕುಮ ಇಟ್ಟೆ. ಗುಜರಿಯವನು ಏನೂ ಕೇಳದೆ ಕಾದು ನಿಂತ.