ಅಪ್ಪ ಮಗ ಮಾಡಿದ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಈಗ ಕಿಟ್ ಆಗಿಯೂ ಸಿಗುತ್ತದೆ. ಕೊರೆದ ಮರ, ತಂತಿ, ಪಿಕಪ್ ಎಲ್ಲವೂ ಪೆಟ್ಟಿಗೆಯಲ್ಲೇ ಇರುತ್ತವೆ. ಜೋಡಿಸಿ, ಉಜ್ಜಿ, ಬಣ್ಣ ಬಳಿದು, ಒಣಗುವವರೆಗೆ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ. ಆ ಕಾಯುವುದೇ ಕಷ್ಟವೆನ್ನಿ! ಅಪ್ಪ ಮಗ ಕೂಡಿ ಮಾಡಲು ಇದು ಒಳ್ಳೆಯ ಕೆಲಸ. ಆದರೆ ಮಾಡಿದ ಗಿಟಾರ್ ಯಾರದು?

1963ರಲ್ಲಿ ಇಂಗ್ಲೆಂಡಿನ ಹುಡುಗ ಬ್ರಯಾನ್ ಮೇ ಬಳಿ ಒಳ್ಳೆಯ ಗಿಟಾರ್ ಕೊಳ್ಳುವಷ್ಟು ಹಣವಿರಲಿಲ್ಲ. ತಂದೆ ಹೆರಾಲ್ಡ್ ಜೊತೆಗೂಡಿ ಹಳೆಯ ಅಗ್ಗಿಷ್ಟಿಕೆಯ ಮರದಿಂದ ಗಿಟಾರಿನ ಕತ್ತು ಕೆತ್ತಿದ. ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳು ಒಳಗೆ ಸೇರಿದವು. ಅಮ್ಮನ ಹೊಲಿಗೆ ಪೆಟ್ಟಿಗೆಯ ಗುಂಡಿಗಳು ಕತ್ತಿನ ಮೇಲಿನ ಗುರುತುಗಳಾದವು. ಸುಮಾರು ಎರಡು ವರ್ಷ ಇಬ್ಬರೂ ದುಡಿದರು.

ಅದೇ ಗಿಟಾರ್ ಹಿಡಿದು ಮಗ ಖಗೋಳವಿಜ್ಞಾನದ ಡಾಕ್ಟರೇಟ್ ಬಿಟ್ಟು ಕ್ವೀನ್ ತಂಡದೊಂದಿಗೆ ಹೊರಟಾಗ ತಂದೆ ಬಹಳ ನೊಂದರು. ನೀವಾಗಿದ್ದರೆ? ಉಳಿ ಕೊಟ್ಟವರು ನೀವೇ ಅಲ್ಲವೇ ಎಂದು ಹೇಳಿಬಿಡುವುದು ಸುಲಭ. ತಂದೆಯ ಭಯ ಸುಳ್ಳಲ್ಲ, ಹಾಡಿ ಹೊಟ್ಟೆ ಹೊರೆಯುವವರು ಎಷ್ಟು ಮಂದಿ? ಆದರೆ ಕಲಿಸಿದವನು ನಾನು, ರಾಗವನ್ನೂ ನಾನೇ ಆರಿಸುತ್ತೇನೆ ಎಂದರೆ ಅದು ಕೊಟ್ಟದ್ದಲ್ಲ, ಸಾಲ.

ಬ್ರಯಾನ್ ಆ ಡಾಕ್ಟರೇಟ್ ಮುಗಿಸಿದ್ದು 2007ರಲ್ಲಿ. ಹೆರಾಲ್ಡ್ 1988ರಲ್ಲೇ ತೀರಿಕೊಂಡಿದ್ದರು. ಅವರು ಉಳಿ ಹಿಡಿದ ಗಿಟಾರ್ ಆಗಲೂ ಮಗನ ಕೈಯಲ್ಲೇ ಇತ್ತು.