ಗ್ರಂಥಾಲಯದಲ್ಲಿ ಉತ್ಸವ: ಮೌನಕ್ಕೆ ಭಂಗವೇ, ಅರಿವಿಗೆ ಆಹ್ವಾನವೇ?

ಗ್ರಂಥಾಲಯವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ನಿಶ್ಶಬ್ದತೆಯ ಚಿತ್ರ. ಗೋಡೆಯ ಮೇಲೆ ಮೌನವಾಗಿರಬೇಕೆಂಬ ಸೂಚನಾಫಲಕ, ಉದ್ದನೆಯ ಮೇಜು, ತಲೆತಗ್ಗಿಸಿ ಓದುತ್ತಿರುವ ನಾಲ್ಕಾರು ಮಂದಿ, ಆಗಾಗ ಹಾಳೆ ಮಗುಚುವ ಸಪ್ಪಳ. ಉತ್ಸವವೆಂದೊಡನೆ ಮೂಡುವ ಚಿತ್ರ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ತಳಿರು ತೋರಣ, ಜನಸಂದಣಿ, ಹಾಡು, ಮಾತು, ಮಕ್ಕಳ ಕಲರವ. ಇವೆರಡನ್ನೂ ಒಂದೇ ಸೂರಿನ ಕೆಳಗೆ ತರುವುದು ಯುಕ್ತವೇ? ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಮಹನೀಯರ ಜಯಂತಿ, ಗ್ರಂಥಾಲಯ ಸಪ್ತಾಹ ಮುಂತಾದವು ನಡೆಯುತ್ತಿರುವುದರಿಂದ ಈ ಪ್ರಶ್ನೆ ಕೇವಲ ಆಡಳಿತದ ಪ್ರಶ್ನೆಯಾಗಿ ಉಳಿದಿಲ್ಲ. ಎಲ್ಲರಿಗೂ ಸೇರಿದ ಒಂದು ಸ್ಥಳದಲ್ಲಿ ಯಾರ ಹಕ್ಕು ಮೊದಲು ಎಂಬ ಧರ್ಮಸೂಕ್ಷ್ಮವೊಂದು ಇದರಲ್ಲಿ ಅಡಗಿದೆ.

ಮೊದಲು ಮೌನದ ಪಕ್ಷವನ್ನು ಆಲಿಸೋಣ. ಅತ್ತಿಬೆಲೆಯಂತಹ ಊರನ್ನು ಕಣ್ಣಮುಂದೆ ತಂದುಕೊಳ್ಳಿ. ಆನೇಕಲ್ ತಾಲ್ಲೂಕಿನ ಈ ಹೋಬಳಿ ಕೇಂದ್ರ ಬೆಂಗಳೂರು–ಹೊಸೂರು ಹೆದ್ದಾರಿಯ ಮೇಲೆ, ತಮಿಳುನಾಡಿನ ಗಡಿಗೆ ತಾಗಿಕೊಂಡಿದೆ. ಕೈಗಾರಿಕಾ ಪ್ರದೇಶ ಬೆಳೆದಂತೆ ಹೊಲಗದ್ದೆಗಳ ಜಾಗದಲ್ಲಿ ಕಾರ್ಖಾನೆಗಳೂ ಸಾಲು ಸಾಲು ಬಾಡಿಗೆ ಕೋಣೆಗಳೂ ಎದ್ದಿವೆ. ಹಗಲಿರುಳೆನ್ನದೆ ಲಾರಿಗಳು ಸಾಗುತ್ತವೆ. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೊರಟವರು ಒಂದೇ ಕೋಣೆಯನ್ನು ಹಂಚಿಕೊಂಡಿರುತ್ತಾರೆ. ಇಂತಹ ಕಡೆ ಸ್ಪರ್ಧಾ ಪರೀಕ್ಷೆಗೆ ಕುಳಿತಿರುವ ಬಡವರ ಮಗನಿಗೋ ಮಗಳಿಗೋ ಎರಡು ಗಂಟೆಯ ನಿಶ್ಶಬ್ದ ಎಲ್ಲಿ ದೊರೆತೀತು? ಉಳ್ಳವನು ಮನೆಯಲ್ಲಿಯೇ ಓದುವ ಕೋಣೆ ಕಟ್ಟಿಸಿಕೊಳ್ಳುತ್ತಾನೆ. ಇಲ್ಲದವನಿಗೆ ಗ್ರಂಥಾಲಯದ ಆ ಒಂದು ಕುರ್ಚಿಯೇ ಗತಿ. ಅಲ್ಲಿ ಧ್ವನಿವರ್ಧಕವಿಟ್ಟು ಸಭೆ ನಡೆಸುವುದೆಂದರೆ ಬಡವನ ಏಕಮಾತ್ರ ಆಸ್ತಿಯನ್ನು ಅಪಹರಿಸಿದಂತೆಯೇ ಸರಿ. ಈ ಆಕ್ಷೇಪ ಹಗುರವಾದುದಲ್ಲ. ಇದಕ್ಕೆ ತಕ್ಕ ಉತ್ತರ ಕೊಡದೆ ಉತ್ಸವದ ಪರವಾಗಿ ಮಾತನಾಡುವುದು ನ್ಯಾಯವೂ ಅಲ್ಲ.

ಇನ್ನು ಎರಡನೆಯ ಪಕ್ಷ. ಗ್ರಂಥವೆಂದರೆ ಏಕಾಂತದಲ್ಲಿ, ಕಣ್ಣಿನಿಂದ, ಬಾಯಿ ಮುಚ್ಚಿಕೊಂಡು ಓದುವ ವಸ್ತು ಎಂಬ ಭಾವನೆ ನಮ್ಮ ನಾಡಿನಲ್ಲಿ ತೀರ ಹಳೆಯದೇನಲ್ಲ. ಓಲೆಗರಿಯ ಕಾಲದಲ್ಲಿ ಕಾವ್ಯವನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು. ಗಮಕಿಯು ಓದಿ, ವ್ಯಾಖ್ಯಾನಕಾರನು ಅರ್ಥ ಬಿಡಿಸಿ, ಊರಿನ ಚಾವಡಿಯಲ್ಲಿಯೋ ಗುಡಿಯ ಜಗಲಿಯಲ್ಲಿಯೋ ರಾತ್ರಿಯೆಲ್ಲ ಭಾರತವನ್ನು ಆಲಿಸಿದ ಜನ ನಮ್ಮವರು. ಶ್ರಾವಣಮಾಸದಲ್ಲಿ ಮಠಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಪುರಾಣ ಪ್ರವಚನಗಳನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಅಕ್ಷರ ಬಾರದ ಒಕ್ಕಲಿಗನೂ, ಅಡುಗೆಮನೆಯಿಂದ ಹೊರಗೆ ಹೆಚ್ಚು ಬಾರದ ತಾಯಿಯೂ ಆ ಮೂಲಕವೇ ಗ್ರಂಥದ ಸಾರವನ್ನು ಮನೆಗೆ ಕೊಂಡೊಯ್ದರು. ಅಂದಮೇಲೆ ಗ್ರಂಥಕ್ಕೂ ಜನಸಮೂಹಕ್ಕೂ ವೈರವಿದೆಯೆನ್ನುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಆಧುನಿಕ ಗ್ರಂಥಾಲಯ ಚಳವಳಿಯನ್ನು ಕಟ್ಟಿದವರೂ ಈ ಸತ್ಯವನ್ನು ಮನಗಂಡಿದ್ದರು. ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಗ್ರಂಥಾಲಯಗಳ ಜಾಲವನ್ನು ಹರಡುವ ಕಾರ್ಯಕ್ಕೆ ತೊಡಗಿದಾಗ, ಓದು ಬಾರದವರಿಗಾಗಿ ಚಿತ್ರಗಳನ್ನು ತೋರಿಸಿ ತಿಳಿವಳಿಕೆ ನೀಡುವ ಒಂದು ವಿಭಾಗವೂ ಅದರೊಡನೆ ಬೆಳೆಯಿತು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೊರಟಿತು. ಆ ಕಾಲದ ಚಳವಳಿಗೆ ಪ್ರೇರಕಶಕ್ತಿಯಾಗಿದ್ದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದವರು. ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದವರು. ಪುಸ್ತಕವಿರುವುದು ಕಾಪಾಡಿ ಇಡುವುದಕ್ಕಲ್ಲ, ಬಳಸುವುದಕ್ಕೆ. ಓದುಗನಿಗೆ ತಕ್ಕ ಪುಸ್ತಕವೂ ಪುಸ್ತಕಕ್ಕೆ ತಕ್ಕ ಓದುಗನೂ ದೊರೆಯಬೇಕು ಎಂಬುದು ಆ ಸೂತ್ರಗಳ ಇಂಗಿತ. ಅವರು ತಮ್ಮ ಬಾಳಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಇಲ್ಲಿಯೇ ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ದೇಹವಿಟ್ಟರು. ನೆರೆಯ ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ತಿರುವಾಂಕೂರಿನ ಗ್ರಂಥಶಾಲೆಗಳನ್ನು ಒಂದುಗೂಡಿಸಿದರು. ಅಲ್ಲಿ ಊರಿನ ವಾಚನಾಲಯವು ನಾಟಕಕ್ಕೂ ಚರ್ಚೆಗೂ ಓಣಂ ಹಬ್ಬದ ಸ್ಪರ್ಧೆಗಳಿಗೂ ನೆಲೆಯಾಗಿ ಬೆಳೆದು ಬಂದಿದೆ.

ಹೀಗೆ ಎರಡು ಪಕ್ಷಗಳಿಗೂ ಆಧಾರವುಂಟು. ನಿರ್ಣಯಕ್ಕೆ ಬರುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಈ ಮನೆ ಯಾರದು? ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಲ್ಲಿ ರಚಿತವಾಗಿ 1966ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನದಂದೇ, ಜಾರಿಗೆ ಬಂದಿತು. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ. ಈಗ ಅದು ತೆರಿಗೆಯ ಶೇಕಡ 6ರಷ್ಟಿದೆ. ಮನೆಯ ಯಜಮಾನ ಕಟ್ಟುವ ಈ ಕರ ಕೊನೆಗೆ ಬಾಡಿಗೆಯಲ್ಲಿಯೇ ಸೇರುತ್ತದೆ. ಆದ್ದರಿಂದ ಒಡಿಶಾದಿಂದಲೋ ಬಿಹಾರದಿಂದಲೋ ಬಂದು ಅತ್ತಿಬೆಲೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿರುವ ಕೂಲಿಯ ಬೆವರಿನ ಪಾಲೂ ಆ ಕಪಾಟಿನ ಪುಸ್ತಕಗಳಲ್ಲಿದೆ. ಆದರೆ ಆತ ಆ ಬಾಗಿಲನ್ನು ಎಂದಾದರೂ ದಾಟುವನೇ? ಅವನನ್ನು ಯಾರೂ ತಡೆದಿಲ್ಲ, ನಿಜ. ಬಾ ಎಂದು ಯಾರೂ ಕರೆದಿಲ್ಲವೆನ್ನುವುದೂ ಅಷ್ಟೇ ನಿಜ. ಅಕ್ಷರಸ್ಥರ ಆ ಮೌನವೇ ಅಕ್ಷರವಿಲ್ಲದವನಿಗೆ, ಬೇರೆ ನುಡಿಯವನಿಗೆ, ಅದು ತನ್ನ ಸ್ಥಳವಲ್ಲವೆಂದು ಹೇಳುತ್ತದೆ. ಬಾಗಿಲಿಗೆ ಅಗಳಿ ಹಾಕದಿದ್ದ ಮಾತ್ರಕ್ಕೆ ಅದು ತೆರೆದ ಬಾಗಿಲಾಗಲಾರದು. ದಾಸೋಹದ ಅರ್ಥವನ್ನು ಬಲ್ಲ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ನ ಮಾಡಿಟ್ಟು ಸುಮ್ಮನೆ ಕುಳಿತರೆ ಸಾಲದು. ಹಸಿದವನನ್ನು ಕರೆತಂದು ಎಲೆಯ ಮುಂದೆ ಕೂರಿಸುವವರೆಗೆ ದಾಸೋಹ ಪೂರ್ಣವಾಗುವುದಿಲ್ಲ.

ಉತ್ಸವಕ್ಕೆ ಗ್ರಂಥಾಲಯದಲ್ಲಿ ನ್ಯಾಯವಾದ ಸ್ಥಾನವಿರುವುದು ಈ ಕರೆಯುವ ಕೆಲಸಕ್ಕಾಗಿ. ಓದುಗನಾಗಿ ಬರಲು ಸಂಕೋಚಪಡುವವನು ಅತಿಥಿಯಾಗಿ ಬರಬಲ್ಲನು. ಮಗಳು ಪದ್ಯ ಹೇಳುವಳೆಂದು ನೋಡಲು ಬಂದ ತಾಯಿ ಮರಳುವಾಗ ಕಥೆಪುಸ್ತಕವೊಂದನ್ನು ಕೈಯಲ್ಲಿ ಹಿಡಿದಿದ್ದರೆ ಆ ಉತ್ಸವ ಸಾರ್ಥಕ. ಆದರೆ ನಾವು ಸಾಮಾನ್ಯವಾಗಿ ಕಾಣುವ ಸಮಾರಂಭಗಳ ಗತಿಯೇನು? ಗಣ್ಯರು ತಡವಾಗಿ ಬರುತ್ತಾರೆ. ಹಾರ ತುರಾಯಿ, ಶಾಲು, ಸ್ಮರಣಿಕೆಗಳಿಗೆ ಅರ್ಧ ಹೊತ್ತು, ಭಾಷಣಕ್ಕೆ ಇನ್ನರ್ಧ ಹೊತ್ತು ಕಳೆಯುತ್ತದೆ. ಮಕ್ಕಳು ಬಿಸಿಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಅಂದು ಕಪಾಟಿನ ಬೀಗವನ್ನು ತೆಗೆಯುವುದೇ ಇಲ್ಲ. ಪುಸ್ತಕದ ಮನೆಯಲ್ಲಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಸನ್ಮಾನ! ಇಂತಹ ಆಚರಣೆಗಾಗಿ ಓದುಗನನ್ನು ಅರ್ಧ ಗಂಟೆ ಎಬ್ಬಿಸಿದರೂ ಅದು ಅನ್ಯಾಯವೇ.

ಹಾಗಾದರೆ ಯಾವ ಉತ್ಸವ ಯೋಗ್ಯ, ಯಾವುದು ಅಯೋಗ್ಯ ಎಂದು ತಿಳಿಯುವ ಒರೆಗಲ್ಲು ಯಾವುದು? ನಮಗೆ ತೋರುವ ಮಟ್ಟಿಗೆ ಅದು ಬಹು ಸರಳವಾದುದು. ಬೇರೆಡೆ ನಡೆಯಬಹುದಾದ ಉತ್ಸವ ಬೇರೆಡೆಯೇ ನಡೆಯಲಿ. ಪುಸ್ತಕಗಳ ನಡುವೆಯಲ್ಲದೆ ಮತ್ತೆಲ್ಲಿಯೂ ಸಾರ್ಥಕವಾಗದ ಉತ್ಸವ ಮಾತ್ರ ಗ್ರಂಥಾಲಯದೊಳಗೆ ನಡೆಯಲಿ. ಮೆರವಣಿಗೆಗೆ ಬೀದಿಯಿದೆ, ನೃತ್ಯಕ್ಕೆ ರಂಗಮಂಟಪವಿದೆ, ಸನ್ಮಾನಕ್ಕೆ ಸಭಾಭವನವಿದೆ, ಪೂಜೆಗೆ ಗುಡಿಯಿದೆ, ಮಸೀದಿಯಿದೆ, ಇಗರ್ಜಿಯಿದೆ. ಬಡ ವಿದ್ಯಾರ್ಥಿಯ ಮೌನಕ್ಕೆ ಮಾತ್ರ ಬೇರೆ ಸ್ಥಳವಿಲ್ಲ. ಹಾಗೆಯೇ, ಪುಸ್ತಕವನ್ನು ಮೊದಲ ಬಾರಿ ಮುಟ್ಟುವ ಮಗುವಿಗೂ ಬೇರೆ ಬಾಗಿಲಿಲ್ಲ. ಅನ್ಯಗತಿಯಿಲ್ಲದವನಿಗೇ ಮೊದಲ ಹಕ್ಕು. ಈ ತತ್ತ್ವವನ್ನು ಒಪ್ಪಿಕೊಂಡರೆ ಮೌನದ ಪಕ್ಷ, ಉತ್ಸವದ ಪಕ್ಷ ಎಂಬ ಜಗಳವೇ ಕರಗುತ್ತದೆ. ಏಕೆಂದರೆ ಇಬ್ಬರಿಗೂ ಎದುರಾಳಿಯಾಗಿರುವುದು ಬೇರೆ ಕಡೆ ಜಾಗವಿದ್ದೂ ಇಲ್ಲಿಗೆ ನುಗ್ಗುವ ಆಡಂಬರ ಮಾತ್ರ.

ಈ ಒರೆಗಲ್ಲಿಗೆ ರಾಜ್ಯೋತ್ಸವವನ್ನೇ ತಿಕ್ಕಿ ನೋಡೋಣ. ಅತ್ತಿಬೆಲೆ ಗಡಿಯ ಊರು. ಇಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಹಿಂದಿನಿಂದಲೂ ಬೀದಿಯ ನುಡಿಗಳು. ಈಗ ಕಾರ್ಖಾನೆಗಳ ದೆಸೆಯಿಂದ ಹಿಂದಿ, ಒಡಿಯಾ, ಬಂಗಾಳಿ ಭಾಷೆಗಳೂ ಕೇಳಿಬರುತ್ತವೆ. ಗಡಿಯಾಚೆ ಹೊಸೂರು ಸೀಮೆಯಲ್ಲಿ ಕನ್ನಡ ಮನೆಮಾತಿನವರು ಇಂದಿಗೂ ಇದ್ದಾರೆ. ಇಂತಹ ಕಡೆ ಬಾವುಟ ಹಾರಿಸಿ ಜಯಘೋಷ ಮಾಡಲು ವೃತ್ತವಿದೆ, ಮೈದಾನವಿದೆ. ಗ್ರಂಥಾಲಯದಲ್ಲಿ ಅಂದು ಆಗಬೇಕಾದ ಕೆಲಸವೇ ಬೇರೆ. ಕನ್ನಡ ಬಾರದ ಕಾರ್ಮಿಕನೊಬ್ಬನು ತನ್ನ ಹೆಸರನ್ನು ಮೊದಲ ಬಾರಿಗೆ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಹೋಗುವಂತಾದರೆ, ಅವನ ಮಗು ಕನ್ನಡದ ಒಂದು ಕಥೆಯನ್ನು ಕೇಳಿ ನಕ್ಕರೆ, ಅದಕ್ಕಿಂತ ಮಿಗಿಲಾದ ರಾಜ್ಯೋತ್ಸವವಿಲ್ಲ. ಕನ್ನಡಾಭಿಮಾನವನ್ನು ಇತರರ ಮೇಲಿನ ಕೋಪದಿಂದ ಅಳೆಯುವವರಿದ್ದಾರೆ. ಗ್ರಂಥಾಲಯವು ಅದನ್ನು ಹೊಸದಾಗಿ ಕಲಿತವರ ಸಂಖ್ಯೆಯಿಂದ ಅಳೆಯಲಿ. ಭಾಷೆ ಬೆಳೆಯುವುದು ಕಲಿತವರಿಂದಲೇ ಹೊರತು ಬೆದರಿದವರಿಂದಲ್ಲ.

ಧಾರ್ಮಿಕ ಹಬ್ಬಗಳ ವಿಷಯವೂ ಇಲ್ಲಿ ಏಳುತ್ತದೆ. ಸರ್ವರ ತೆರಿಗೆಯಿಂದ ನಡೆಯುವ ಮನೆಯಲ್ಲಿ ಒಂದು ಮತದ ಪೂಜೆ ನಡೆದರೆ ಇನ್ನೊಬ್ಬನು ಪರಕೀಯನಾಗುತ್ತಾನೆ. ಹಾಗೆಂದು ಹಬ್ಬಗಳ ಹೆಸರನ್ನೇ ಎತ್ತಬಾರದೆಂದರೆ ಜನರ ಬದುಕಿನಿಂದ ಗ್ರಂಥಾಲಯ ದೂರವಾಗುತ್ತದೆ. ಪೂಜೆಯಾಗಿ ಅಲ್ಲ, ಅರಿವಾಗಿ ಅವು ಬರಲಿ. ಯುಗಾದಿಯಂದು ಪಂಚಾಂಗದ ಲೆಕ್ಕಾಚಾರವನ್ನು, ರಂಜಾನಿನಲ್ಲಿ ಚಾಂದ್ರಮಾನದ ತಿಂಗಳನ್ನು, ಬಸವಜಯಂತಿಯಂದು ಹನ್ನೆರಡನೆಯ ಶತಮಾನದ ಇತಿಹಾಸವನ್ನು, ಅಂಬೇಡ್ಕರ್ ಜಯಂತಿಯಂದು ಸಂವಿಧಾನ ರಚನೆಯ ಕಥೆಯನ್ನು ಪುಸ್ತಕಗಳನ್ನು ಮುಂದಿಟ್ಟುಕೊಂಡು ವಿವರಿಸಿದರೆ ಯಾರಿಗೆ ನೋವು? ನೆರೆಯವನ ಹಬ್ಬದ ಅರ್ಥವನ್ನು ತಿಳಿದವನು ಅವನನ್ನು ದ್ವೇಷಿಸುವುದು ಕಷ್ಟ.

ಇವೆಲ್ಲ ಹೇಳಲು ಸುಲಭ, ನಡೆಸಲು ಕಷ್ಟ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅನೇಕ ಗ್ರಂಥಾಲಯಗಳಿಗೆ ಇರುವುದು ಒಂದೇ ಕೋಣೆ, ನೋಡಿಕೊಳ್ಳುವುದಕ್ಕೆ ಒಬ್ಬರೇ ಮೇಲ್ವಿಚಾರಕರು. ಆದರೂ ದಾರಿಯಿಲ್ಲದಿಲ್ಲ. ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು ಅಲ್ಲಿನ ಚಟುವಟಿಕೆಗಳಾದವು. ಆ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರೂ ಬಂದಿದೆ. ಹೆಸರಿಗೆ ತಕ್ಕಂತೆ ನಡೆಯಬೇಕಾದರೆ ಕೆಲವು ನಿಯಮಗಳು ಸಾಕು. ಉತ್ಸವದ ದಿನವನ್ನೂ ಹೊತ್ತನ್ನೂ ಮುಂಚಿತವಾಗಿ ಫಲಕದಲ್ಲಿ ಬರೆಯಬೇಕು. ಓದುವ ವೇಳೆಯನ್ನು ಬಿಟ್ಟು ಸಂಜೆ ಇಟ್ಟುಕೊಳ್ಳಬೇಕು; ಅಂಗಳವಿದ್ದರೆ ಅಂಗಳದಲ್ಲಿ, ಇಲ್ಲದಿದ್ದರೆ ಪಕ್ಕದ ಶಾಲೆಯಲ್ಲಿ ನಡೆಸಬೇಕು. ಧ್ವನಿವರ್ಧಕ ಬೇಡ. ಪರೀಕ್ಷೆಯ ತಿಂಗಳುಗಳಲ್ಲಿ ಉತ್ಸವವೇ ಬೇಡ. ಎಷ್ಟು ಜನ ಸೇರಿದರೆಂದು ಅಂದು ಎಣಿಸುವ ಬದಲು, ಮರುವಾರ ಎಷ್ಟು ಜನ ಹೊಸಬರು ಪುಸ್ತಕ ಕೇಳಿಕೊಂಡು ಬಂದರೆಂದು ಎಣಿಸಬೇಕು. ಯಾರೂ ಬಾರದಿದ್ದರೆ ಆ ಉತ್ಸವದಿಂದ ಏನೂ ಆಗಲಿಲ್ಲವೆಂದೇ ತಿಳಿಯಬೇಕು.

ಮಠದ ಪ್ರಸಾದನಿಲಯಗಳಲ್ಲಿದ್ದು ಓದಿ ಮುಂದೆ ಬಂದ ಹಳೆಯ ವಿದ್ಯಾರ್ಥಿಗಳು ಇಂದು ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಹಲವು ಹುದ್ದೆಗಳಲ್ಲಿದ್ದಾರೆ. ಅಂದು ತಮಗೆ ಊಟದೊಡನೆ ಓದುವ ಜಾಗವನ್ನೂ ಯಾರೋ ಕಾಣದ ಕೈಗಳು ಒದಗಿಸಿದ್ದವೆಂಬುದು ಅವರಿಗೆ ನೆನಪಿರಲೇಬೇಕು. ಆ ಋಣವನ್ನು ತೀರಿಸಲು ದೊಡ್ಡ ದೇಣಿಗೆಯೇ ಬೇಕೆಂದಿಲ್ಲ. ನಿಮ್ಮ ಊರಿನ ಗ್ರಂಥಾಲಯಕ್ಕೆ ತಿಂಗಳಿಗೊಂದು ಸಂಜೆ ಹೋಗಿ ಮಕ್ಕಳಿಗೆ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿರಿ. ವಸೂಲಾದ ಗ್ರಂಥಾಲಯ ಕರ ಗ್ರಂಥಾಲಯಕ್ಕೇ ತಲುಪುತ್ತಿದೆಯೇ ಎಂದು ಸ್ಥಳೀಯ ಸಂಸ್ಥೆಯನ್ನು ಸೌಜನ್ಯದಿಂದ ಕೇಳಿರಿ. ಮುಂದಿನ ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹಕ್ಕೆ ಹೋಗುವಾಗ ಒಬ್ಬರೇ ಹೋಗದೆ, ಆ ಬಾಗಿಲನ್ನು ಇದುವರೆಗೆ ದಾಟದ ಒಬ್ಬರನ್ನು ಜೊತೆಯಲ್ಲಿ ಕರೆದೊಯ್ಯಿರಿ. ಒಳಗೆ ಯಾರಾದರೂ ಓದುತ್ತಿದ್ದರೆ ಇಬ್ಬರೂ ಮೆಲ್ಲನೆ ಹೆಜ್ಜೆಯಿಡಿರಿ.