ಆಕಾಶದ ಬೇಲಿ

ರಕ್ಷಣೆಗೆಂದು ಹಾಕಿದ ಬೇಲಿಯು ದಾರಿಹೋಕನನ್ನು ಹಳ್ಳದ ಅಂಚಿನಲ್ಲಿ ನಡೆಯುವಂತೆ ಮಾಡಿದರೆ, ಅವನು ಜಾರಿ ಬಿದ್ದಾಗ ಬೇಲಿ ಹಾಕಿದವನೂ ಹೊಣೆಯೇ? ಈ ಪ್ರಶ್ನೆಯ ವಿಚಾರಕ್ಕೆ ಅಮೆರಿಕೆಯ ರಾಜಧಾನಿಯ ಆಕಾಶವು ತಕ್ಕ ನಿದರ್ಶನವಾಗಿದೆ.

2001ರ ಸೆಪ್ಟೆಂಬರ್ 11ರ ಘೋರಕೃತ್ಯದ ತರುವಾಯ, 2003ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ನಗರದ ಸುತ್ತ ವಿಮಾನ ಸಂಚಾರಕ್ಕೆ ವಿಶೇಷ ನಿರ್ಬಂಧ ಬಂದಿತು. 2009ರಲ್ಲಿ ಅದು ಶಾಶ್ವತವಾಯಿತು. ಸುಮಾರು 55 ಕಿಲೋಮೀಟರ್ ತ್ರಿಜ್ಯದ ಈ ವಲಯವನ್ನು ಪ್ರವೇಶಿಸುವ ಪೈಲಟನು ಮೊದಲೇ ಪ್ರಯಾಣದ ವಿವರ ಸಲ್ಲಿಸಿ, ರೇಡಿಯೋ ಮೂಲಕ ನಿಯಂತ್ರಕರನ್ನು ಸಂಪರ್ಕಿಸಿ, ಅವರಿತ್ತ ಸಂಕೇತಸಂಖ್ಯೆಯನ್ನು ತನ್ನ ಯಂತ್ರದಲ್ಲಿ ಹೊಂದಿಸಿಕೊಳ್ಳಬೇಕು. ಒಳವಲಯದ ನಿಯಮಗಳು ಇನ್ನೂ ಕಠಿಣ. 1909ರಲ್ಲಿ ವಿಲ್ಬರ್ ರೈಟ್ ಸೈನಿಕಾಧಿಕಾರಿಗಳಿಗೆ ಹಾರಾಟ ಕಲಿಸಿದ ಕಾಲೇಜ್ ಪಾರ್ಕ್ ನಿಲ್ದಾಣವು ಇರುವುದು ಅಲ್ಲಿಯೇ. ಇಂದು ಅಲ್ಲಿಗೆ ಹೋಗಿಬರುವ ಖಾಸಗಿ ಪೈಲಟನ ಪೂರ್ವಾಪರಗಳ ತಪಾಸಣೆ ನಡೆಯುತ್ತದೆ.

ಭಯವು ನಿರಾಧಾರವೆನ್ನಲಾಗದು. 1994ರಲ್ಲಿಯೇ ಒಬ್ಬನು ಕದ್ದ ಪುಟ್ಟ ವಿಮಾನವನ್ನು ಶ್ವೇತಭವನದ ಅಂಗಳದಲ್ಲಿ ಕೆಡವಿ ಸತ್ತಿದ್ದನು. ಆದರೆ 2005ರ ಮೇ 11ರಂದು ಎರಡು ಆಸನಗಳ ಸೆಸ್ನಾ 150 ವಿಮಾನವೊಂದು ದಾರಿತಪ್ಪಿ ಶ್ವೇತಭವನದ ಸಮೀಪಕ್ಕೆ ಬಂದಿತು. ಸಂಸತ್ ಭವನವನ್ನು ತೆರವುಗೊಳಿಸಲಾಯಿತು, ಯುದ್ಧವಿಮಾನಗಳು ಧಾವಿಸಿದವು. ಒಳಗಿದ್ದವರು ದುಷ್ಟರಲ್ಲ, ಎಚ್ಚರದಪ್ಪಿದವರು. ಪ್ರಮಾದವೂ ಅಪರಾಧವೇ ಸರಿ. ಆದರೆ ಮರಣದಂಡನೆಗೆ ಅರ್ಹವಾದ ಅಪರಾಧವಲ್ಲ. ನೆಲದ ಮೇಲೆ ದಿನಗಟ್ಟಲೆ ವಿಚಾರಿಸಿ ಕೊಡಬೇಕಾದ ತೀರ್ಪನ್ನು ಅಂದು ಕೆಲವೇ ನಿಮಿಷಗಳಲ್ಲಿ ಕೊಡಬೇಕಾಗಿತ್ತು. ಗುಂಡು ಹಾರದಿದ್ದುದು ಅಧಿಕಾರಿಗಳ ಸಂಯಮಕ್ಕೆ ಸಾಕ್ಷಿ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದುಂಟು. ಸಣ್ಣ ವಿಮಾನದ ಪೈಲಟನು ಕಣ್ಣಿನಿಂದ ನೋಡಿಯೇ ಇತರ ವಿಮಾನಗಳಿಂದ ತಪ್ಪಿಸಿಕೊಳ್ಳಬೇಕು. ಸಂಕೇತಸಂಖ್ಯೆ ದೊರೆಯುವವರೆಗೆ ಅವನು ಗಡಿಯ ಹೊರಗೆ ಸುತ್ತುಹಾಕುತ್ತಾನೆ. ಅದೇ ಸ್ಥಳದಲ್ಲಿ ಅವನಂತೆ ಕಾದಿರುವವರು ಇನ್ನಿಬ್ಬರು ಇರಬಹುದು. ಗಡಿ ದಾಟಿಬಿಟ್ಟೇನೆಂಬ ಅಂಜಿಕೆಯಿಂದ ದೃಷ್ಟಿಯು ನಕ್ಷೆ ಮತ್ತು ಮಾಪಕಗಳಲ್ಲಿ ನೆಟ್ಟಿರುತ್ತದೆ, ಹೊರಗೆ ನೋಡುವವರಿಲ್ಲ. ಎದುರಿಗೆ ಮೋಡ ಕವಿದರೆ ನೇರ ದಾರಿಯು ನಿಷಿದ್ಧ, ಬಳಸುದಾರಿಯು ಅಪಾಯಕರ. ಈ ನಿರ್ಬಂಧವನ್ನು ಶಾಶ್ವತಗೊಳಿಸುವ ಪ್ರಸ್ತಾವಕ್ಕೆ 20,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಬಹುಪಾಲು ವಿರೋಧವೇ. ತಡೆಗಟ್ಟಿದ ಕೇಡನ್ನು ಜಮೆಯಲ್ಲಿ ಬರೆದು, ಹುಟ್ಟಿಸಿದ ಅಪಾಯವನ್ನು ಖರ್ಚಿನಲ್ಲಿ ಬರೆಯದ ಲೆಕ್ಕವನ್ನು ಯಾವ ವರ್ತಕನೂ ಒಪ್ಪಲಾರನು.

2005ರ ಮೇ ತಿಂಗಳಿನಲ್ಲಿಯೇ ಅಲ್ಲಿ ಕೆಂಪು ಮತ್ತು ಹಸಿರು ಲೇಸರ್ ಕಿರಣಗಳಿಂದ ದಾರಿತಪ್ಪಿದ ಪೈಲಟನನ್ನು ಎಚ್ಚರಿಸುವ ವ್ಯವಸ್ಥೆ ಬಂದಿತು. ಮುಂದೆ ವಲಯದ ಆಸುಪಾಸಿನಲ್ಲಿ ಹಾರುವವರಿಗೆ ತರಬೇತಿಯೂ ಕಡ್ಡಾಯವಾಯಿತು. ಇವು ಮೆಚ್ಚತಕ್ಕ ಕ್ರಮಗಳು. ಗಡಿಯ ಹೊರಗೆ ಸಂಕೇತಸಂಖ್ಯೆಗಾಗಿ ಸುತ್ತುತ್ತಿರುವವನಿಗೆ ಮಾತ್ರ ಇವುಗಳಿಂದ ಪರಿಹಾರ ದೊರೆಯದು.